ಟಿವಿ ತಗೊಳ್ಳುವ ಮುಂಚೆ: ಬೇಗ ಹಳತಾಗದ ಟಿವಿ, ಮನೆಗೆ ಹೊರೆಯಾಗದ ಟಿವಿ



ಸಂಘದ ಸಾಲದ ಅರ್ಜಿಯಲ್ಲಿ 'ಉದ್ದೇಶ' ಎಂಬ ಜಾಗದಲ್ಲಿ ಮಕ್ಕಳ ಫೀಸು, ಆಸ್ಪತ್ರೆ ಖರ್ಚು, ಹಸು, ಹೊಲಿಗೆ ಮೆಷಿನ್ ಎಂದು ಬರೆಯುವುದು ವಾಡಿಕೆ. ಕೆಲವು ಅರ್ಜಿಗಳಲ್ಲಿ ಬರೀ 'ಮನೆ ಖರ್ಚು' ಎಂದಿರುತ್ತದೆ. ಮೆಲ್ಲಗೆ ವಿಚಾರಿಸಿದರೆ, "ಟಿವಿ ಸಿಸ್ಟರ್, ಹೇಗೆ ಹೇಳೋದು ಅಂತ ಬರೀಲಿಲ್ಲ" ಎಂದು ನಗುತ್ತಾರೆ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ದಿನವಿಡೀ ದುಡಿದು ಬಂದವರು ಒಂದು ಗಂಟೆ ಕೂತು ನೋಡುವುದು ತಪ್ಪಲ್ಲ. 2020-21ರಲ್ಲಿ ಕೊರೋನಾದಿಂದ ಶಾಲೆ ಮುಚ್ಚಿದ್ದಾಗ ದೂರದರ್ಶನದ ಚಂದನ ವಾಹಿನಿಯಲ್ಲಿ ಪಾಠಗಳು ಬಂದವು. ಆಗ ಟಿವಿ ಇಲ್ಲದ ಮನೆಯ ಮಕ್ಕಳು ಪಕ್ಕದ ಮನೆಯ ಬಾಗಿಲಲ್ಲಿ ನಿಲ್ಲಬೇಕಾಯಿತು.

ಆದರೆ ಹತ್ತು ಹನ್ನೆರಡು ಸಾವಿರ ರೂಪಾಯಿ ಸಣ್ಣ ಮೊತ್ತವೂ ಅಲ್ಲ. ಬೆಳಗಿನ ಜಾವ ಎದ್ದು ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್‌ನಿಂದ ರೈಲು ಹತ್ತಿ ಬಂಗಾರಪೇಟೆ ದಾಟಿ ಬೆಂಗಳೂರಿಗೆ ಹೋಗಿ ದುಡಿಯುವ ಮನೆಗಳ ಹಣ ಅದು. 2001ರ ಫೆಬ್ರುವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನಲ್ಲಿ ಒಂದೊಂದು ರೂಪಾಯಿಯ ಬೆಲೆ ಏನೆಂದು ನಿಮಗೆ ನಾವು ಹೇಳಬೇಕಾಗಿಲ್ಲ. ಹಾಗೆ ಕೂಡಿಟ್ಟ ಹಣ ಮೂರು ವರ್ಷಕ್ಕೇ ಕೆಲಸಕ್ಕೆ ಬಾರದ ವಸ್ತುವಾಗಬಾರದು. ಅದಕ್ಕಾಗಿ ಈ ಲೇಖನ. ಸಭೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಿ, ಉಳಿದವರು ಕೇಳಿ.

ಟಿವಿ ಹಳತಾಗುವುದು ಅಂದರೆ ಏನು?

ನಮ್ಮ ಹಳೆ ಡಬ್ಬ ಟಿವಿಗಳು, ಅಂದರೆ ಪಿಕ್ಚರ್ ಟ್ಯೂಬ್ ಇದ್ದವು, ಹದಿನೈದು ವರ್ಷ ಬಂದದ್ದುಂಟು. ಮೇಲೆ ಕಸೂತಿ ಬಟ್ಟೆ ಹಾಸಿ, ಮಾತೆಯ ಸ್ವರೂಪವನ್ನೋ ಮದುವೆ ಫೋಟೋವನ್ನೋ ಇಡುತ್ತಿದ್ದೆವು. ಈಗಿನ ಚಪ್ಪಟೆ ಟಿವಿಗೆ ಮೇಲೆ ಜಾಗವೂ ಇಲ್ಲ, ಆಯಸ್ಸೂ ಕಡಿಮೆ ಎಂದು ಹಿರಿಯರು ಗೊಣಗುತ್ತಾರೆ. ಅದರಲ್ಲಿ ಅರ್ಧ ನಿಜ. ಟಿವಿ ಮೂರು ರೀತಿಯಲ್ಲಿ ಹಳತಾಗುತ್ತದೆ.

ಮೊದಲನೆಯದು, ಚಿತ್ರ ಮನೆಗೆ ಬರುವ ದಾರಿ ಬದಲಾಗುವುದು. ಮೊದಲು ಮಾಡಿನ ಮೇಲೆ ಆಂಟೆನಾ ಇತ್ತು. ಆಮೇಲೆ ಕೇಬಲ್ ವೈರ್ ನೇರವಾಗಿ ಟಿವಿಗೆ ಬಂತು. 2012ರಲ್ಲಿ ಮಹಾನಗರಗಳಿಂದ ಶುರುವಾಗಿ 2017ರ ಹೊತ್ತಿಗೆ ಸಣ್ಣ ಊರುಗಳ ಕೇಬಲ್ಲೂ ಡಿಜಿಟಲ್ ಆಯಿತು. ಸೆಟ್‌ಟಾಪ್ ಬಾಕ್ಸ್ ಇಲ್ಲದೆ ಚಾನೆಲ್ ಬರುವುದು ನಿಂತಿತು. 2022ರ ಹೊತ್ತಿಗೆ ದೂರದರ್ಶನವೂ ತನ್ನ ಹಳೆಯ ಅನಲಾಗ್ ಟ್ರಾನ್ಸ್‌ಮಿಟರ್‌ಗಳನ್ನು, ಕೆಲವನ್ನು ಬಿಟ್ಟು, ನಿಲ್ಲಿಸಿತು. ಆದರೆ ಗಮನಿಸಿ. ಇಷ್ಟೆಲ್ಲ ಬದಲಾದರೂ ಹಳೆ ಟಿವಿ ಹಾಳಾಗಲಿಲ್ಲ. ಹೊರಗೆ ಒಂದು ಬಾಕ್ಸ್ ಸೇರಿಸಿದೆವು, ಟಿವಿ ನಡೆಯಿತು.

ಎರಡನೆಯದು, ಟಿವಿಯೊಳಗಿನ ಆ್ಯಪ್‌ಗಳು ಹಳತಾಗುವುದು. ಇದು ಸ್ಮಾರ್ಟ್ ಟಿವಿಯ ರೋಗ. ಪರದೆ ಚೆನ್ನಾಗಿಯೇ ಇರುತ್ತದೆ, ಯೂಟ್ಯೂಬ್ ಮಾತ್ರ ತೆರೆಯುವುದಿಲ್ಲ. 2012ಕ್ಕೂ ಹಿಂದಿನ ಅನೇಕ ಸ್ಮಾರ್ಟ್ ಟಿವಿಗಳಲ್ಲಿ 2015ರಲ್ಲಿ ಯೂಟ್ಯೂಬ್ ಆ್ಯಪ್ ನಿಂತುಹೋಯಿತು. 2019ರ ಡಿಸೆಂಬರ್‌ನಲ್ಲಿ ಕೆಲವು ಹಳೆ ಸ್ಮಾರ್ಟ್ ಟಿವಿಗಳಲ್ಲಿ ನೆಟ್‌ಫ್ಲಿಕ್ಸ್ ನಿಂತಿತು. ದೊಡ್ಡ ಕಂಪನಿಗಳ ಟಿವಿಗಳಿಗೇ ಹೀಗಾಯಿತು.

ಮೂರನೆಯದು, ಫ್ಯಾಷನ್ ಬದಲಾಗುವುದು. ಸುಮಾರು 2010ರಲ್ಲಿ ಕನ್ನಡಕ ಹಾಕಿಕೊಂಡು ನೋಡುವ ತ್ರೀಡಿ ಟಿವಿ ಬಂತು. ಇನ್ನು ಮುಂದೆ ಎಲ್ಲರ ಮನೆಯಲ್ಲೂ ಇದೇ ಎಂದರು. 2017ರ ಹೊತ್ತಿಗೆ ದೊಡ್ಡ ಕಂಪನಿಗಳು ಅದನ್ನು ಮಾಡುವುದನ್ನೇ ಬಿಟ್ಟವು. ಪ್ಲಾಸ್ಮಾ ಟಿವಿಯ ಕಥೆಯೂ ಅಷ್ಟೇ. ಹೊಸ ಹೆಸರಿಗೆ ಹೆಚ್ಚು ಹಣ ಕೊಟ್ಟವರಿಗೇ ನಷ್ಟ.

ಇದರಿಂದ ನಾವು ಕಲಿಯುವ ಪಾಠ ಒಂದೇ. ಬೇಗ ಬದಲಾಗುವುದು ಟಿವಿಯ 'ಬುದ್ಧಿ', ನಿಧಾನವಾಗಿ ಬದಲಾಗುವುದು ಅದರ 'ಕಣ್ಣು'. ಆದ್ದರಿಂದ ಹಣವನ್ನು ಪರದೆಗೆ ಕೊಡಿ. ಬುದ್ಧಿ ಹಳತಾದರೆ ಹೊರಗಿನಿಂದ ಸೇರಿಸಬಹುದು. ಸೇರಿಸಲು ಬೇಕಾದ ಜಾಗ, ಅಂದರೆ ಹಿಂಬದಿಯ ಸಾಕೆಟ್, ಇರಬೇಕು ಅಷ್ಟೆ.

ಎಷ್ಟು ದೊಡ್ಡದು ಬೇಕು?

ಟಿವಿಯ ಇಂಚು ಅಂದರೆ ಅಗಲವಲ್ಲ, ಪರದೆಯ ಒಂದು ಮೂಲೆಯಿಂದ ಎದುರು ಮೂಲೆಗೆ ಅಡ್ಡಲಾಗಿ ಹಿಡಿದ ಅಳತೆ. 32 ಇಂಚಿನ ಟಿವಿ ಸುಮಾರು 28 ಇಂಚು ಅಗಲ ಇರುತ್ತದೆ. 43 ಇಂಚಿನದು ಸುಮಾರು 38 ಇಂಚು. ಅಂಗಡಿಗೆ ಹೋಗುವ ಮುಂಚೆ ಟಿವಿ ಇಡುವ ಜಾಗವನ್ನೂ, ನೀವು ಕೂರುವ ಜಾಗದಿಂದ ಗೋಡೆಗೆ ಇರುವ ದೂರವನ್ನೂ ಟೇಪಿನಲ್ಲಿ ಅಳೆದು ಬರೆದುಕೊಳ್ಳಿ.

ಐದಾರು ಅಡಿ ದೂರದಿಂದ ನೋಡುವುದಾದರೆ 32 ಇಂಚು ಧಾರಾಳ. ಏಳೆಂಟು ಅಡಿ ಇದ್ದರೆ 43 ಇಂಚು ಯೋಚಿಸಬಹುದು. ನಮ್ಮ ಗಣಿ ಲೈನ್ ಮನೆಗಳು ಚಿಕ್ಕವು, ಅಲ್ಲೇ ಅಡುಗೆ, ಅಲ್ಲೇ ಓದು, ಅಲ್ಲೇ ಮಲಗುವುದು. ಅಂಥ ಕೋಣೆಗೆ ದೊಡ್ಡ ಟಿವಿ ತಂದರೆ ಓದುವ ಮಗು ಎಲ್ಲಿ ಕೂರಬೇಕು? ಅಂಗಡಿಯ ದೊಡ್ಡ ಹಾಲಿನಲ್ಲಿ 43 ಇಂಚು ಚಿಕ್ಕದಾಗಿ ಕಾಣುತ್ತದೆ. ಅದನ್ನು ನಂಬಬೇಡಿ, ಟೇಪನ್ನು ನಂಬಿ.

ಮೊದಲು 32 ಇಂಚಿಗಿಂತ ದೊಡ್ಡ ಟಿವಿಗೆ ಶೇಕಡಾ 28 ಜಿಎಸ್‌ಟಿ ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇಕಡಾ 18ಕ್ಕೆ ಇಳಿದಿದೆ. 32 ಇಂಚಿನವರೆಗಿನ ಟಿವಿಗೆ ಅದಕ್ಕೂ ಮುಂಚೆಯೇ 18 ಇತ್ತು, ಆಗ ಅದು ಬದಲಾಗಲಿಲ್ಲ. ಹಾಗಾಗಿ ಸಣ್ಣ ಟಿವಿ ತೋರಿಸಿ, "ತೆರಿಗೆ ಇಳಿದಿದೆ, ಅದಕ್ಕೇ ಇಷ್ಟು ಕಡಿಮೆ" ಎಂದರೆ ನಂಬಬೇಡಿ.

ಎಚ್‌ಡಿ, ಫುಲ್ ಎಚ್‌ಡಿ, 4ಕೆ: ಯಾವುದು?

ಟಿವಿ ಚಿತ್ರ ಸಾವಿರಾರು ಚುಕ್ಕಿಗಳ ರಂಗೋಲಿ ಇದ್ದ ಹಾಗೆ. ಚುಕ್ಕಿ ಹೆಚ್ಚಾದಷ್ಟೂ ಗೆರೆ ನಯವಾಗುತ್ತದೆ. ಎಚ್‌ಡಿ ರೆಡಿ ಎಂದರೆ ಅಡ್ಡಕ್ಕೆ 1366, ಉದ್ದಕ್ಕೆ 768 ಚುಕ್ಕಿ. ಫುಲ್ ಎಚ್‌ಡಿ ಎಂದರೆ 1920 ಮತ್ತು 1080. 4ಕೆ ಎಂದರೆ 3840 ಮತ್ತು 2160.

ರಂಗೋಲಿ ಚಿಕ್ಕದಾಗಿದ್ದರೆ ಹೆಚ್ಚು ಚುಕ್ಕಿ ಇಟ್ಟು ಏನು ಪ್ರಯೋಜನ? 32 ಇಂಚಿಗೆ ಎಚ್‌ಡಿ ರೆಡಿ ಸಾಕು. ಸಾವಿರ ಎರಡು ಸಾವಿರ ವ್ಯತ್ಯಾಸದಲ್ಲಿ ಫುಲ್ ಎಚ್‌ಡಿ ಸಿಕ್ಕರೆ ಅದನ್ನೇ ತಗೊಳ್ಳಿ, ಹೆಚ್ಚು ವರ್ಷ ಹೊಂದಿಕೊಳ್ಳುತ್ತದೆ. 43 ಇಂಚಿಗೆ ಹೋಗುವುದಾದರೆ ಮಾತ್ರ 4ಕೆ ನೋಡಿ. ಇನ್ನೊಂದು ವಿಷಯ. ಕೇಬಲ್‌ನವರು ಕೊಡುವ ಸಾಮಾನ್ಯ ಬಾಕ್ಸಿನ ಚಿತ್ರದಲ್ಲೇ ಚುಕ್ಕಿ ಕಡಿಮೆ. ಅದನ್ನು ದೊಡ್ಡ 4ಕೆ ಪರದೆಗೆ ಎಳೆದರೆ ಮಂಕಾಗಿ, ಕಲಸಿದ ಹಾಗೆ ಕಾಣುತ್ತದೆ. "ಹೊಸ ಟಿವಿ ತಂದ್ರೂ ಹಳೇದರಷ್ಟು ಚೆನ್ನಾಗಿ ಬರ್ತಿಲ್ಲ" ಎಂಬ ದೂರಿಗೆ ಕಾರಣ ಇದೇ.

8ಕೆ, ಬಾಗಿದ ಪರದೆ, ಎಚ್‌ಡಿಆರ್ ಎಂಬ ಚೀಟಿಗಳನ್ನು ನೋಡಿ ಹಣ ಹೆಚ್ಚು ಕೊಡಬೇಡಿ. ಕಡಿಮೆ ಬೆಲೆಯ ಟಿವಿಯಲ್ಲಿ ಎಚ್‌ಡಿಆರ್ ತೋರಿಸುವಷ್ಟು ಬೆಳಕೇ ಇರುವುದಿಲ್ಲ.

ಸ್ಮಾರ್ಟ್ ಟಿವಿ ಬೇಕೇ?

ಮೊದಲು ಒಂದು ಪ್ರಶ್ನೆ. ನಿಮ್ಮ ಮನೆಯಲ್ಲಿ ವೈಫೈ ಇದೆಯೇ? ಇಂಟರ್‌ನೆಟ್ ಇಲ್ಲದಿದ್ದರೆ ಸ್ಮಾರ್ಟ್ ಟಿವಿಯೂ ಸಾದಾ ಟಿವಿಯೇ. ಮೊಬೈಲಿನ ಹಾಟ್‌ಸ್ಪಾಟ್‌ನಿಂದ ನೋಡಬಹುದು, ಆದರೆ ಒಳ್ಳೆಯ ಗುಣಮಟ್ಟದ ಚಿತ್ರಕ್ಕೆ ಗಂಟೆಗೆ 2ರಿಂದ 3 ಜಿಬಿ ಡೇಟಾ ಖರ್ಚಾಗುತ್ತದೆ. ದಿನಕ್ಕೆ ಒಂದೂವರೆ ಜಿಬಿ ಇರುವ ರೀಚಾರ್ಜ್ ಒಂದು ಸಿನಿಮಾ ಮುಗಿಯುವಷ್ಟರಲ್ಲಿ ಖಾಲಿ. ಆಮೇಲೆ ಮಗಳ ಆನ್‌ಲೈನ್ ಅರ್ಜಿಗೆ ನೆಟ್ ಇಲ್ಲ.

ಈಗ ಸಿಗುವ ಹೆಚ್ಚಿನ ಟಿವಿಗಳು ಸ್ಮಾರ್ಟೇ. ಆದ್ದರಿಂದ ಯಾವ ಸ್ಮಾರ್ಟ್ ಎಂದು ನೋಡಬೇಕು.

1. ಟಿವಿ ಯಾವ ವ್ಯವಸ್ಥೆಯಲ್ಲಿ ನಡೆಯುತ್ತದೆ ಎಂದು ಕೇಳಿ. ಗೂಗಲ್ ಟಿವಿ, ಫೈರ್ ಟಿವಿ, ಸ್ಯಾಮ್‌ಸಂಗ್‌ನ ಟೈಜನ್, ಎಲ್‌ಜಿಯ ವೆಬ್ ಓಎಸ್ ಇವು ಎದ್ದು ಕಾಣುವ ಹೆಸರುಗಳು. ಇವುಗಳಿಗೆ ಅಪ್‌ಡೇಟ್ ಬರುತ್ತದೆ.

2. ಬರೀ 'ಆಂಡ್ರಾಯ್ಡ್' ಎಂದು ಹೇಳಿ, ಗೂಗಲ್‌ನ ಅನುಮತಿ ಇಲ್ಲದ ವ್ಯವಸ್ಥೆ ಹಾಕಿದ ಅಗ್ಗದ ಟಿವಿಗಳಿವೆ. ಇವುಗಳಲ್ಲಿ ಮೊಬೈಲಿನ ಆ್ಯಪ್‌ಗಳನ್ನೇ ತುಂಬಿರುತ್ತಾರೆ. ಪ್ಲೇಸ್ಟೋರ್ ಸರಿಯಾಗಿ ಇರುವುದಿಲ್ಲ, ಅಪ್‌ಡೇಟ್ ಬರುವುದಿಲ್ಲ. ಬೇಗ ಹಳತಾಗುವುದು ಇವೇ. ಅಂಗಡಿಯಲ್ಲೇ ಪ್ಲೇಸ್ಟೋರ್ ತೆರೆದು ತೋರಿಸಿ ಎನ್ನಿ.

3. ರ್‍ಯಾಮ್ ಮತ್ತು ಸ್ಟೋರೇಜ್ ಕೇಳಿ. 1 ಜಿಬಿ ರ್‍ಯಾಮ್, 8 ಜಿಬಿ ಸ್ಟೋರೇಜ್ ಇದ್ದರೆ ಒಂದೆರಡು ವರ್ಷದಲ್ಲಿ ನಿಧಾನವಾಗುತ್ತದೆ. 2 ಜಿಬಿ, 16 ಜಿಬಿ ಸಿಕ್ಕರೆ ಒಳ್ಳೆಯದು.

ಹಾಗಿದ್ದರೂ ಐದಾರು ವರ್ಷದಲ್ಲಿ ಆ್ಯಪ್ ನಿಧಾನವಾದರೆ ಟಿವಿ ಎಸೆಯಬೇಡಿ. ಬೆರಳುದ್ದದ ಒಂದು ಸ್ಟಿಕ್ ಸಿಗುತ್ತದೆ. ಎರಡರಿಂದ ಐದು ಸಾವಿರ ರೂಪಾಯಿಯೊಳಗೆ ಬರುತ್ತದೆ. ಟಿವಿಯ ಎಚ್‌ಡಿಎಂಐ ಸಾಕೆಟ್‌ಗೆ ಸಿಕ್ಕಿಸಿದರೆ ಹಳೆ ಟಿವಿಗೆ ಹೊಸ ಬುದ್ಧಿ. ಈಗಾಗಲೇ ಮನೆಯಲ್ಲಿ ಎಚ್‌ಡಿಎಂಐ ಇರುವ ಸಾದಾ ಚಪ್ಪಟೆ ಟಿವಿ ಚೆನ್ನಾಗಿ ಓಡುತ್ತಿದ್ದರೆ, ಹೊಸ ಟಿವಿಗೆ ಸಾಲ ಮಾಡುವ ಬದಲು ಸ್ಟಿಕ್ ಒಂದನ್ನೇ ತಂದರೂ ಆಯಿತು. ಹನ್ನೆರಡು ಸಾವಿರದ ಕೆಲಸ ಮೂರು ಸಾವಿರದಲ್ಲಿ ಮುಗಿಯಿತು!

ಟಿವಿಯ ಮುಖ ಮಾತ್ರವಲ್ಲ, ಬೆನ್ನನ್ನೂ ನೋಡಿ

ಅಂಗಡಿಯವರು ಮುಂದಿನಿಂದ ತೋರಿಸುತ್ತಾರೆ. ನೀವು ಹಿಂದಕ್ಕೆ ತಿರುಗಿಸಿ ಎನ್ನಿ. ಇವು ಇರಲೇಬೇಕು:

- ಎಚ್‌ಡಿಎಂಐ ಸಾಕೆಟ್ ಕನಿಷ್ಠ 2. ಒಂದು ಸೆಟ್‌ಟಾಪ್ ಬಾಕ್ಸಿಗೆ, ಇನ್ನೊಂದು ಮುಂದೆ ಸ್ಟಿಕ್ ಹಾಕಲು. ಒಂದೇ ಇದ್ದರೆ ಆ ಟಿವಿ ಬೇಡ.
- ಎವಿ ಸಾಕೆಟ್. ಕೆಂಪು, ಬಿಳಿ, ಹಳದಿ ಮೂರು ಪಿನ್‌ಗಳ ವೈರ್ ಹಾಕುವುದು. ನಿಮ್ಮ ಕೇಬಲ್ ಬಾಕ್ಸ್ ಹಳೆಯದಾಗಿದ್ದರೆ ಇದು ಬೇಕೇ ಬೇಕು. ಕೆಲವು ಟಿವಿಗಳಲ್ಲಿ ಒಂದೇ ಸಣ್ಣ ತೂತು ಇರುತ್ತದೆ, ಅದಕ್ಕೆ ಬೇರೆ ಜೋಡಣೆ ವೈರ್ ಬೇಕು. ಪೆಟ್ಟಿಗೆಯಲ್ಲಿ ಇದೆಯೇ ಕೇಳಿ.
- ಯುಎಸ್‌ಬಿ ಸಾಕೆಟ್. ಪೆನ್‌ಡ್ರೈವ್‌ನಲ್ಲಿ ಮದುವೆ ವಿಡಿಯೋ, ತರಬೇತಿ ವಿಡಿಯೋ ನೋಡಲು.
- ಬಿಐಎಸ್ ನೋಂದಣಿ ಗುರುತು, 'ಆರ್' ಅಕ್ಷರದಿಂದ ಶುರುವಾಗುವ ನಂಬರು. ಸುರಕ್ಷತೆಯ ಪರೀಕ್ಷೆ ಆಗಿದೆ ಎಂದು ತಿಳಿಯಲು.
- ಮಾಡೆಲ್ ನಂಬರು ಮತ್ತು ಸೀರಿಯಲ್ ನಂಬರು. ಮುಂದೆ ಹೆಸರಾದ ಕಂಪನಿಯ ಸ್ಟಿಕ್ಕರ್ ಇದ್ದು, ಹಿಂದೆ ಏನೂ ಬರೆದಿಲ್ಲದಿದ್ದರೆ ಅದು ನಕಲಿ ಎಂದೇ ತಿಳಿಯಿರಿ.

ಅಂಗಡಿಯಲ್ಲಿ ಐದು ನಿಮಿಷದ ಪರೀಕ್ಷೆ

ಅಂಗಡಿಯಲ್ಲಿ ಹಾಕಿರುವ ಹೂವು, ಸಮುದ್ರದ ವಿಡಿಯೋ ಎಲ್ಲ ಟಿವಿಯಲ್ಲೂ ಚೆನ್ನಾಗಿಯೇ ಕಾಣುತ್ತದೆ. ಕೇಬಲ್ ಚಾನೆಲ್ ಹಾಕಿ ತೋರಿಸಿ ಎನ್ನಿ, ಮನೆಯಲ್ಲಿ ನೋಡುವುದು ಅದನ್ನೇ. ನಾವು ಮನೆಯಲ್ಲಿ ಚಾಪೆ ಹಾಕಿ ನೆಲದಲ್ಲಿ ಕೂತು ನೋಡುತ್ತೇವೆ. ಆದ್ದರಿಂದ ಅಂಗಡಿಯಲ್ಲೂ ಸ್ವಲ್ಪ ಬಗ್ಗಿ ಕೆಳಗಿನಿಂದ ನೋಡಿ, ಎಡಕ್ಕೂ ಬಲಕ್ಕೂ ಸರಿದು ನೋಡಿ. ಕೆಲವು ಅಗ್ಗದ ಪರದೆಗಳಲ್ಲಿ ನೇರ ನೋಡಿದರೆ ಬಣ್ಣ, ಪಕ್ಕದಿಂದ ನೋಡಿದರೆ ಬೂದಿ. ಸಂಕೋಚ ಬೇಡ, ಹಣ ನಿಮ್ಮದು.

ಪೂರ್ತಿ ಬಿಳಿ ಚಿತ್ರ ಹಾಕಿಸಿ ಕಪ್ಪು ಚುಕ್ಕಿ, ನೆರಳು ಇದೆಯೇ ನೋಡಿ. ಶಬ್ದ ಜೋರು ಮಾಡಿಸಿ ಕರಕರ ಎನ್ನುತ್ತದೆಯೇ ಕೇಳಿ. ಎರಡೂ ಸ್ಪೀಕರ್ ಸೇರಿ 20 ವಾಟ್ ಇದ್ದರೆ ನಮ್ಮ ಕೋಣೆಗಳಿಗೆ ಸಾಕು.

ಕರೆಂಟಿನ ಸ್ಟಾರ್ ಚೀಟಿಯನ್ನೂ ಓದಿ. ಸ್ಟಾರ್ ಹೆಚ್ಚಿದ್ದಷ್ಟೂ ಖರ್ಚು ಕಡಿಮೆ. 32 ಇಂಚಿನ ಎಲ್‌ಇಡಿ ಟಿವಿ ಸುಮಾರು 45 ವಾಟ್ ಎಂದಿಟ್ಟುಕೊಳ್ಳಿ. ದಿನಕ್ಕೆ 5 ಗಂಟೆ ನೋಡಿದರೆ ತಿಂಗಳಿಗೆ ಸುಮಾರು 7 ಯೂನಿಟ್. 80 ವಾಟಿನ 43 ಇಂಚಿನ ಟಿವಿಗೆ 12 ಯೂನಿಟ್. 90 ವಾಟಿನ ಹಳೆ ಡಬ್ಬ ಟಿವಿಗೆ 13 ಯೂನಿಟ್ ದಾಟುತ್ತದೆ. 2023ರಲ್ಲಿ ಶುರುವಾದ ಗೃಹಜ್ಯೋತಿ ಯೋಜನೆಯಲ್ಲಿ ಪ್ರತಿ ಮನೆಗೂ ಅದರ ಹಿಂದಿನ ಬಳಕೆ ನೋಡಿ ಉಚಿತ ಯೂನಿಟ್ ಗೊತ್ತುಮಾಡಿದ್ದಾರೆ. ಅದನ್ನು ಮೀರಿದರೆ ಬಿಲ್ಲು ಬರುತ್ತದೆ. ಹಾಗಾಗಿ ಉಚಿತ ಎಂದು ಮರೆಯಬೇಡಿ.

ಹಣ ಎಲ್ಲಿಂದ?

ಸಹೋದರಿಯರೇ, ಈ ಭಾಗವನ್ನು ಎರಡು ಸಲ ಓದಿ. ಟಿವಿ ಆರಿಸುವಲ್ಲಿ ತಪ್ಪಿದರೆ ಟಿವಿ ಒಂದೇ ಹಾಳು. ಹಣ ತರುವಲ್ಲಿ ತಪ್ಪಿದರೆ ಮನೆಯೇ ಹಾಳು. 12,000 ರೂಪಾಯಿಯ ಟಿವಿಯನ್ನು 10 ತಿಂಗಳ ಸಾಲದಲ್ಲಿ ತಗೊಂಡರೆ ಏನಾಗುತ್ತದೆ, ಲೆಕ್ಕ ನೋಡೋಣ.

ಸಂಘದ ಆಂತರಿಕ ಸಾಲ, ನೂರಕ್ಕೆ ತಿಂಗಳಿಗೆ 1 ರೂಪಾಯಿ ಬಡ್ಡಿ, ಉಳಿದ ಅಸಲಿಗೆ ಮಾತ್ರ: ತಿಂಗಳಿಗೆ 1,200 ಅಸಲು ಕಟ್ಟುತ್ತಾ ಹೋದರೆ ಒಟ್ಟು ಬಡ್ಡಿ 660 ರೂಪಾಯಿ.

ಅದೇ ಸಾಲ ನೂರಕ್ಕೆ 2 ರೂಪಾಯಿಯಾದರೆ: ಒಟ್ಟು ಬಡ್ಡಿ 1,320 ರೂಪಾಯಿ. ಅದೂ ನಿಮ್ಮ ಸಂಘಕ್ಕೇ ಸೇರುತ್ತದೆ.

ಕೈಬಡ್ಡಿಯವರಲ್ಲಿ ನೂರಕ್ಕೆ 5 ರೂಪಾಯಿ, ಕೊನೆಯವರೆಗೂ ಪೂರ್ತಿ ಅಸಲಿನ ಮೇಲೆ: ತಿಂಗಳಿಗೆ 600, ಹತ್ತು ತಿಂಗಳಿಗೆ 6,000 ರೂಪಾಯಿ. 12,000ದ ಟಿವಿಗೆ 18,000!

ಸಾಲವೇ ಇಲ್ಲದೆ ತಿಂಗಳಿಗೆ 1,000 ರೂಪಾಯಿ ಕೂಡಿಟ್ಟರೆ: 12 ತಿಂಗಳಲ್ಲಿ ಟಿವಿ, ಬಡ್ಡಿ ಸೊನ್ನೆ.

"ಅಂಗಡಿಯಲ್ಲೇ ಬಡ್ಡಿ ಇಲ್ಲದ ಕಂತು ಕೊಡ್ತಾರೆ ಸಿಸ್ಟರ್" ಎನ್ನುತ್ತೀರಿ. ಬಡ್ಡಿಯೇ ಇಲ್ಲದ ಸಾಲ ಎಂಬುದು ಇಲ್ಲ ಎಂದು ರಿಸರ್ವ್ ಬ್ಯಾಂಕೇ 2013ರಲ್ಲಿ ಬ್ಯಾಂಕುಗಳಿಗೆ ಸುತ್ತೋಲೆ ಕಳುಹಿಸಿ ಹೇಳಿತು. ಬಡ್ಡಿ ಬೇರೆ ವೇಷದಲ್ಲಿ ಬರುತ್ತದೆ. ಉದಾಹರಣೆಗೆ, ಕಂತಿನಲ್ಲಿ 14,000ಕ್ಕೆ ಕೊಡುವ ಟಿವಿಯನ್ನು ನಗದಿಗೆ 13,000ಕ್ಕೆ ಕೊಡಬಹುದು. ಕಂತಿನವರಿಗೆ ಆ ರಿಯಾಯಿತಿ ಇಲ್ಲ, ಮೇಲೆ 500 ರೂಪಾಯಿ ಫೀಸು. ಅಲ್ಲಿಗೆ 1,500 ಹೆಚ್ಚಾಯಿತು. ಆದ್ದರಿಂದ ಮೊದಲು "ನಗದು ಕೊಟ್ಟರೆ ಎಷ್ಟು?" ಎಂದು ಕೇಳಿ, ಆಮೇಲೆ "ಕಂತಿನಲ್ಲಿ ಎಲ್ಲ ಸೇರಿ ಎಷ್ಟು?" ಎಂದು ಕೇಳಿ. ಎರಡನ್ನೂ ಕಾಗದದಲ್ಲಿ ಬರೆಸಿ. ಕಂತಿನ ದಿನ ಬ್ಯಾಂಕ್ ಖಾತೆಯಲ್ಲಿ ಹಣ ಇಲ್ಲದಿದ್ದರೆ ದಂಡ ಬೀಳುತ್ತದೆ. ಹೆಸರು ಕೆಟ್ಟರೆ ಮುಂದೆ ಹಸುವಿಗೋ ಮಗಳ ಓದಿಗೋ ಸಾಲ ಕೇಳುವಾಗ ಅಡ್ಡಿಯಾಗುತ್ತದೆ.

ಮೈಕ್ರೋಫೈನಾನ್ಸ್ ಸಾಲ ತಂದು ಟಿವಿ ಕೊಳ್ಳುವುದು ಬೇಡವೇ ಬೇಡ ಎಂದು ನಾವು ಕೈಮುಗಿದು ಹೇಳುತ್ತೇವೆ. ಒಬ್ಬರ ಮೇಲೊಬ್ಬರು ಸಾಲ ಕೊಟ್ಟು, ಒಂದನ್ನು ತೀರಿಸಲು ಇನ್ನೊಂದು ಮಾಡಿ, ಕೊನೆಗೆ ಮರುಪಾವತಿಯೇ ನಿಂತ ಬಿಕ್ಕಟ್ಟನ್ನು 2009ರಲ್ಲಿ ನಮ್ಮ ಕೋಲಾರವೇ ಕಂಡಿದೆ. ವಸೂಲಿಯ ಹಿಂಸೆ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು. ಕಾನೂನು ಹಿಂಸೆಯನ್ನು ತಡೆಯಬಹುದು, ಆದರೆ ಸಾಲ ಸಾಲವೇ. ದುಡಿಮೆ ತರುವ ವಸ್ತುವಿಗೆ ಸಾಲ ಮಾಡಿದರೆ ಆ ವಸ್ತುವೇ ಕಂತು ಕಟ್ಟುತ್ತದೆ. ಟಿವಿ ಕಂತು ಕಟ್ಟುವುದಿಲ್ಲ, ನಿಮ್ಮ ಕೂಲಿಯೇ ಕಟ್ಟಬೇಕು.

ಇನ್ನೊಂದು ಲೆಕ್ಕ ಬಹಳ ಜನ ಹಾಕುವುದಿಲ್ಲ. ಕೇಬಲ್‌ಗೆ ತಿಂಗಳಿಗೆ 300 ರೂಪಾಯಿ ಎಂದರೆ 5 ವರ್ಷಕ್ಕೆ 18,000. ಟಿವಿಗಿಂತ ಹೆಚ್ಚು! ಕೆಜಿಎಫ್‌ನ ಮನೆಗಳಲ್ಲಿ ತಮಿಳು, ಕನ್ನಡ, ತೆಲುಗು ಮೂರೂ ನೋಡುತ್ತಾರೆ, ಹಾಗಾಗಿ ದೊಡ್ಡ ಪ್ಯಾಕ್ ಹಾಕಿಸುತ್ತಾರೆ. 2019ರಿಂದ ಬೇಕಾದ ಚಾನೆಲ್ ಮಾತ್ರ ಆರಿಸಿಕೊಳ್ಳುವ ಹಕ್ಕು ಗ್ರಾಹಕರಿಗೆ ಇದೆ. ಮನೆಯವರೆಲ್ಲ ಕೂತು ನಿಜವಾಗಿ ನೋಡುವ ಚಾನೆಲ್‌ಗಳ ಪಟ್ಟಿ ಮಾಡಿ, ಉಳಿದದ್ದನ್ನು ತೆಗೆಸಿ. ಕಡಿಮೆ ನೋಡುವವರಿಗೆ ದೂರದರ್ಶನದ ಫ್ರೀ ಡಿಶ್ ಇದೆ. 2004ರಿಂದ ನಡೆಯುತ್ತಿದೆ, ಬಾಕ್ಸ್ ಮತ್ತು ಡಿಶ್‌ಗೆ ಒಮ್ಮೆ ಕೊಟ್ಟರೆ ತಿಂಗಳ ಬಾಡಿಗೆ ಇಲ್ಲ. ಚಂದನ ಬರುತ್ತದೆ, ಆದರೆ ನಿಮ್ಮ ಮೆಚ್ಚಿನ ಧಾರಾವಾಹಿಯ ಚಾನೆಲ್ ಅದರಲ್ಲಿ ಇದೆಯೇ ಎಂದು ಮೊದಲು ವಿಚಾರಿಸಿ.

ಬಿಲ್ಲು, ವಾರಂಟಿ, ದೂರು

"ಬಿಲ್ ಬೇಡ ಅಂದ್ರೆ ಸಾವಿರ ಕಮ್ಮಿ" ಎಂಬ ಮಾತಿಗೆ ಮರುಳಾಗಬೇಡಿ. ಬಿಲ್ಲಿಲ್ಲದಿದ್ದರೆ ವಾರಂಟಿ ಇಲ್ಲ, ದೂರಿಗೆ ಆಧಾರ ಇಲ್ಲ. ಬಿಲ್ಲಿನಲ್ಲಿ ಅಂಗಡಿಯ ಜಿಎಸ್‌ಟಿ ನಂಬರು, ಮಾಡೆಲ್, ಸೀರಿಯಲ್ ನಂಬರು, ತಾರೀಖು ಇರಲಿ. ಕೆಲವು ಬಿಲ್ಲಿನ ಅಕ್ಷರ ಒಂದೇ ವರ್ಷದಲ್ಲಿ ಅಳಿಸಿಹೋಗುತ್ತದೆ, ಅಂದೇ ಜೆರಾಕ್ಸ್ ಮಾಡಿಸಿ ಪಾಸ್‌ಬುಕ್ ಜೊತೆ ಇಡಿ.

ವಾರಂಟಿ ಸಾಮಾನ್ಯವಾಗಿ 1 ವರ್ಷ. ಪರದೆಗೆ ಬೇರೆ ವಾರಂಟಿ ಇದೆಯೇ ಕೇಳಿ. ಒಡೆದ ಪರದೆಗೆ ವಾರಂಟಿ ಬರುವುದಿಲ್ಲ, ಹೊಸ ಪರದೆ ಹಾಕಿಸಲು ಹೆಚ್ಚುಕಡಿಮೆ ಹೊಸ ಟಿವಿಯಷ್ಟೇ ಖರ್ಚು. ಆದರೆ ಶಬ್ದ ಇದ್ದು ಚಿತ್ರ ಕತ್ತಲಾದರೆ ಹೆದರಬೇಡಿ. ಅನೇಕ ಸಲ ಪರದೆಯ ಹಿಂದಿನ ಎಲ್‌ಇಡಿ ಪಟ್ಟಿ ಹೋಗಿರುತ್ತದೆ, ಅದನ್ನು ಕಡಿಮೆ ಖರ್ಚಿನಲ್ಲಿ ಬದಲಾಯಿಸಬಹುದು. ಕಂಪನಿಯ ಸರ್ವಿಸ್ ಎಲ್ಲಿದೆ, ಕೆಜಿಎಫ್, ಬಂಗಾರಪೇಟೆಗೆ ಮನೆಗೇ ಬರುತ್ತಾರೋ, ಬೆಂಗಳೂರಿಗೆ ಹೊತ್ತುಕೊಂಡು ಹೋಗಬೇಕೋ ಎಂದು ಕೊಳ್ಳುವ ಮುಂಚೆಯೇ ಕೇಳಿ. ಆನ್‌ಲೈನ್‌ನಲ್ಲಿ ತರಿಸುವವರಿಗೂ ಈ ಪ್ರಶ್ನೆ ಮುಖ್ಯ. ಪೆಟ್ಟಿಗೆ ತೆರೆಯುವುದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳಿ.

ಮೋಸವಾದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲಿ ಬಗೆಹರಿಯದಿದ್ದರೆ ಕೋಲಾರದ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. 5 ಲಕ್ಷ ರೂಪಾಯಿಯೊಳಗಿನ ಖರೀದಿಗೆ ದೂರಿನ ಶುಲ್ಕವೇ ಇಲ್ಲ, ವಕೀಲರು ಕಡ್ಡಾಯವಲ್ಲ.

ಮನೆಗೆ ತಂದ ಮೇಲೆ

ಬೆಂಗಳೂರಿನಿಂದ ರೈಲಿನಲ್ಲೋ ಆಟೋದಲ್ಲೋ ತರುವಾಗ ಪೆಟ್ಟಿಗೆಯನ್ನು ನಿಲ್ಲಿಸಿಯೇ ತನ್ನಿ. ಮಲಗಿಸಿದರೆ, ಮೇಲೆ ಚೀಲ ಇಟ್ಟರೆ ಪರದೆ ಬಿರುಕು ಬಿಡುತ್ತದೆ. ಹಳೆಯ ಗೋಡೆ ಉದುರುತ್ತಿದ್ದರೆ ಮೊಳೆ ಹೊಡೆದು ನೇತುಹಾಕಬೇಡಿ, ಗಟ್ಟಿ ಮೇಜಿನ ಮೇಲೆ ಇಡಿ. ಚಪ್ಪಟೆ ಟಿವಿ ಹಗುರ, ಮಗು ಎಳೆದರೆ ಅದರ ಮೇಲೇ ಬೀಳುತ್ತದೆ. ಒಂದು ಪಟ್ಟಿಯಿಂದ ಹಿಂದೆ ಕಟ್ಟಿ.

ಗುಡುಗು ಮಿಂಚು ಬಂದರೆ ಸ್ವಿಚ್ ಆರಿಸಿದರೆ ಸಾಲದು. ಪ್ಲಗ್ಗನ್ನೂ ಕೇಬಲ್ ವೈರನ್ನೂ ಎರಡನ್ನೂ ಕೀಳಬೇಕು. ಸಿಡಿಲಿನ ಕರೆಂಟು ಕೇಬಲ್ಲಿನಿಂದಲೂ ಬರುತ್ತದೆ. ಸೈನೈಡ್ ದಿಬ್ಬಗಳ ಧೂಳು ಗಾಳಿಗೆ ಮನೆಯೊಳಗೆ ಬರುವ ಬಡಾವಣೆಗಳಲ್ಲಿ ಟಿವಿಯ ಹಿಂದಿನ ಗಾಳಿಯಾಡುವ ಸಂದುಗಳು ಮುಚ್ಚಿಹೋಗುತ್ತವೆ. ವಾರಕ್ಕೊಮ್ಮೆ ಒಣ ಬ್ರಷ್‌ನಿಂದ ಒರೆಸಿ. ಪರದೆಯನ್ನು ಮೆತ್ತನೆಯ ಒಣ ಹತ್ತಿ ಬಟ್ಟೆಯಿಂದ ಮಾತ್ರ ಒರೆಸಿ, ನೀರು ಚಿಮುಕಿಸಬೇಡಿ.

ಹಳೆ ಡಬ್ಬ ಟಿವಿಯನ್ನು ಒಡೆದು ದಿಬ್ಬದ ಪಕ್ಕ ಎಸೆಯಬೇಡಿ. ಆ ಗಾಜಿನಲ್ಲಿ ಸೀಸ ಇದೆ. ಗಣಿ ಬಿಟ್ಟುಹೋದ ವಿಷದ ಧೂಳನ್ನೇ ನಮ್ಮ ಮಕ್ಕಳು ಇನ್ನೂ ಉಸಿರಾಡುತ್ತಿದ್ದಾರೆ, ಅದಕ್ಕೆ ನಾವೂ ಸೇರಿಸುವುದು ಬೇಡ. ಅಂಗಡಿಯ ಎಕ್ಸ್‌ಚೇಂಜ್‌ಗೆ ಕೊಡಿ, ಇಲ್ಲವೇ ಪುರಸಭೆ, ನಗರಸಭೆಯಲ್ಲಿ ಇ-ತ್ಯಾಜ್ಯ ಎಲ್ಲಿ ಕೊಡಬೇಕೆಂದು ವಿಚಾರಿಸಿ. ತಾಮ್ರದ ಆಸೆಗೆ ಮನೆಯಲ್ಲಿ ಸುಡುವುದಂತೂ ಕೂಡದು.

ಕೊನೆಯದಾಗಿ

ಗೋಪುರ ಕಟ್ಟಬೇಕೆಂದವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕುತ್ತಾನೆ ಎಂದು ಯೇಸುಸ್ವಾಮಿ ಹೇಳಿದ್ದು ಲೂಕನ ಶುಭಸಂದೇಶದಲ್ಲಿದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮ್ಮ ಅಜ್ಜಿಯರೂ ಹೇಳಿದರು. ಎರಡರ ಅರ್ಥವೂ ಒಂದೇ. ಯುಗಾದಿ, ರಂಜಾನ್, ದೀಪಾವಳಿ, ಕ್ರಿಸ್ಮಸ್ ಯಾವ ಹಬ್ಬದ ಆಫರ್ ಬಂದರೂ ಮುಂದಿನ ಹಬ್ಬಕ್ಕೂ ಬರುತ್ತದೆ. ಅವಸರ ಅಂಗಡಿಯವರದು, ನಿಮ್ಮದಲ್ಲ.

ಟಿವಿ ತಂದ ಮೇಲೆ ಅದು ಮನೆಯವರಲ್ಲಿ ಒಬ್ಬರಾಗಿರಲಿ, ಯಜಮಾನ ಆಗುವುದು ಬೇಡ. ಮಕ್ಕಳು ಓದುವ ಹೊತ್ತಿಗೆ, ಮನೆಮಂದಿ ಒಟ್ಟಿಗೆ ಊಟ ಮಾಡುವ ಹೊತ್ತಿಗೆ, ಪ್ರಾರ್ಥನೆಯ ಹೊತ್ತಿಗೆ ಆರಿಸಿ. ರಿಮೋಟ್ ನಿಮ್ಮ ಕೈಯಲ್ಲಿರಲಿ.

ಸಭೆಯಲ್ಲಿ ಚರ್ಚಿಸಿ, ನಡಾವಳಿ ಪುಸ್ತಕದಲ್ಲಿ ಬರೆಯಿರಿ

1. ನಮ್ಮ ಸಂಘದಲ್ಲಿ ಟಿವಿ, ಮೊಬೈಲ್, ಫ್ರಿಜ್‌ಗಾಗಿ ಎಷ್ಟು ಜನ ಹೊರಗಿನ ಕಂತು ಕಟ್ಟುತ್ತಿದ್ದೇವೆ? ಒಟ್ಟು ತಿಂಗಳಿಗೆ ಎಷ್ಟು?
2. ಮನೆ ಸಾಮಾನಿಗೆ ಸಾಲ ಕೊಡಬೇಕೇ? ಕೊಟ್ಟರೆ ಎಷ್ಟರವರೆಗೆ, ಎಷ್ಟು ತಿಂಗಳಿಗೆ? ಆಸ್ಪತ್ರೆ, ಓದು, ದುಡಿಮೆಯ ಅರ್ಜಿಗಳಿಗೆ ಮೊದಲ ಸ್ಥಾನ ಉಳಿಯುವುದು ಹೇಗೆ?
3. ವಾರದ ಉಳಿತಾಯದ ಜೊತೆಗೆ 'ಮನೆ ಸಾಮಾನು ಉಳಿತಾಯ' ಎಂದು ಬೇರೆ ಪುಸ್ತಕ ಇಡಬಹುದೇ?
4. ಇಬ್ಬರು ಮೂವರು ಒಂದೇ ತಿಂಗಳಲ್ಲಿ ಟಿವಿ ಕೊಳ್ಳುವುದಾದರೆ ಒಟ್ಟಿಗೆ ಹೋಗಿ ನಗದು ಬೆಲೆ ಇಳಿಸಿ ಕೇಳಬಹುದೇ?
5. ಅಂಗಡಿಗೆ ಹೋಗುವವರ ಜೊತೆಗೆ ಈ ಹಾಳೆಯನ್ನು ಓದಿ ಹೇಳಬಲ್ಲ ಒಬ್ಬರನ್ನು ಸಂಘದಿಂದ ಕಳುಹಿಸೋಣವೇ?